ಪದ ಎಲ್ಲಿ ಮುಗಿಯಿತು ಎಂದು ಮಗುವಿಗೆ ಯಾರು ಹೇಳುತ್ತಾರೆ?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಅತ್ತೆ, ಮಾವ ಮನೆಯಲ್ಲಿ ಆಡುವುದು ತೆಲುಗು. ನನ್ನ ತವರು ಗುಬ್ಬಿ ಕಡೆ, ನನಗೆ ಕನ್ನಡವೇ. ಮಗಳಿಗೆ 9 ತಿಂಗಳು ತುಂಬುತ್ತಾ ಬಂತು. ‘ಎರಡೆರಡು ಭಾಷೆ ಕೇಳಿದರೆ ಮಗುವಿಗೆ ಗೊಂದಲವಾಗುತ್ತೆ, ಮಾತು ತಡವಾಗುತ್ತೆ, ಒಂದೇ ಭಾಷೆ ಆಡಿ’ ಎಂದು ನೆಂಟರೊಬ್ಬರು ಹೆದರಿಸಿದ್ದಾರೆ. ಅರ್ಥವೇ ಗೊತ್ತಿಲ್ಲದ ಕೂಸಿಗೆ ನಮ್ಮ ಮಾತಿನಲ್ಲಿ ಪದ ಯಾವುದು, ಅದು ಎಲ್ಲಿ ಮುಗಿಯಿತು ಎಂದು ಹೇಗೆ ತಿಳಿಯುತ್ತದೆ? ನಾನು ರೇಷ್ಮೆ ಹುಳುಮನೆ ಕೆಲಸದಲ್ಲಿರುವಾಗ ಮೊಬೈಲಿನಲ್ಲಿ ಕನ್ನಡ ಶಿಶುಗೀತೆ ಹಾಕಿಕೊಟ್ಟರೆ ಸಹಾಯವಾಗುತ್ತದೆಯೇ?

ಉತ್ತರ: ನೆಂಟರ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅತ್ತೆ, ಮಾವ ತೆಲುಗು ನಿಲ್ಲಿಸಬೇಕಾಗಿಲ್ಲ, ನೀವು ಕನ್ನಡ ಬಿಡಬೇಕಾಗಿಲ್ಲ. ಎರಡು ಭಾಷೆ ಕಿವಿಗೆ ಬಿತ್ತು ಎಂಬ ಕಾರಣಕ್ಕೆ ಮಾತಿನ ತೊಂದರೆ ಹುಟ್ಟುವುದಿಲ್ಲ. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು, ಅತ್ತ ಪಾವಗಡ, ಈ ಸೀಮೆಯ ಮಕ್ಕಳು ತಲೆಮಾರುಗಳಿಂದ ಎರಡೂ ಭಾಷೆಯಲ್ಲಿ ಬೆಳೆದವರು. ಆದರೆ ‘ಪದ ಎಲ್ಲಿ ಮುಗಿಯಿತು’ ಎಂಬ ನಿಮ್ಮ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಅದರ ಉತ್ತರ ಮನಸ್ಸಿಗೆ ಬಂದರೆ ಎರಡು ಭಾಷೆಯ ಭಯವೂ ಮೊಬೈಲಿನ ಪ್ರಶ್ನೆಯೂ ತಾನಾಗಿ ಬಗೆಹರಿಯುತ್ತವೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬರೆಯುವಾಗ ನಾವು ಪದ ಪದದ ನಡುವೆ ಜಾಗ ಬಿಡುತ್ತೇವೆ, ಆಡುವಾಗ ಬಿಡುವುದಿಲ್ಲ. ‘ಹಾಲು ಬೇಕಾ ಪುಟ್ಟಿ’ ಎಂದು ನೀವು ಕೇಳಿದರೆ ಮಗುವಿನ ಕಿವಿಗೆ ಬೀಳುವುದು ‘ಹಾಲುಬೇಕಾಪುಟ್ಟಿ’ ಎಂಬ ಒಂದೇ ಎಳೆ. ಇನ್ನೂ ವಿಚಿತ್ರವೆಂದರೆ, ನಮ್ಮ ಮಾತಿನಲ್ಲಿ ಮೌನ ಬೀಳುವುದು ಹೆಚ್ಚಾಗಿ ಪದದ ಒಳಗೇ. ‘ಅಪ್ಪ’ ಎನ್ನುವಾಗ ತುಟಿ ಮುಚ್ಚಿ ತೆರೆಯುವ ನಡುವಿನ ಗಳಿಗೆಯಲ್ಲಿ ಸದ್ದೇ ಇರುವುದಿಲ್ಲ. ‘ಕಟ್ಟು’ ಎನ್ನುವಾಗ ನಾಲಗೆ ಅಂಗುಳಕ್ಕೆ ಒತ್ತಿ ನಿಂತಷ್ಟು ಹೊತ್ತೂ ಸದ್ದಿಲ್ಲ. ಬೆರಳನ್ನು ಗಂಟಲ ಮೇಲಿಟ್ಟುಕೊಂಡು ನಿಧಾನವಾಗಿ ‘ಅಪ್ಪ’ ಎನ್ನಿ, ನಡುವೆ ನಡುಕ ನಿಲ್ಲುವುದು ಬೆರಳಿಗೇ ತಿಳಿಯುತ್ತದೆ. ಸದ್ದು ನಿಂತಲ್ಲಿ ಪದ ಮುಗಿಯಿತು ಎಂದು ಮಗು ಲೆಕ್ಕ ಹಾಕಿದರೆ ‘ಅಪ್ಪ’ ಎರಡು ತುಂಡಾಗಿ, ‘ಹಾಲುಬೇಕಾ’ ಒಂದೇ ಪದವಾಗಿ ಉಳಿಯುತ್ತಿತ್ತು.

ಬಿಡಿ ಬಿಡಿ ಪದ ಹೇಳಿ ಕಲಿಸುತ್ತೇವಲ್ಲ ಎನ್ನಬಹುದು. ಅದು ನಾವು ಅಂದುಕೊಂಡಷ್ಟಿಲ್ಲ. ಅಮೆರಿಕದ ತಾಯಂದಿರು ಕೂಸುಗಳೊಡನೆ ಮನೆಯಲ್ಲಿ ಆಡಿದ ಮಾತನ್ನು ಮುದ್ರಿಸಿಕೊಂಡು ಎಣಿಸಿದ 2001ರ ಅಧ್ಯಯನವೊಂದರಲ್ಲಿ ಒಂಟಿ ಪದವಾಗಿ ಬಂದ ಮಾತು ಸುಮಾರು ಶೇ 9 ಮಾತ್ರ. ಉಳಿದದ್ದೆಲ್ಲ ಹರಿಯುವ ಮಾತು.

ಹರಿಯುವ ಮಾತಿನಿಂದ ಪದ ಹೆಕ್ಕಲು ಮಿದುಳು ಹಿಡಿಯುವ ಒಂದು ದಾರಿ ಎಣಿಕೆ. ಯಾವುದರ ಹಿಂದೆ ಯಾವುದು ಬರುತ್ತದೆ, ಎಷ್ಟು ಸಲ ಬರುತ್ತದೆ ಎಂಬ ಎಣಿಕೆ. ನಿಮ್ಮ ಮನೆಯ ಮಾತನ್ನೇ ತೆಗೆದುಕೊಳ್ಳಿ. ಒಂದು ಬೆಳಿಗ್ಗೆ ನೀವು ‘ಹಾಲು ಕುಡಿ’, ‘ಹಾಲು ಬೇಕಾ’, ‘ಹಾಲು ಚೆಲ್ತು’, ‘ಬಿಸಿ ಹಾಲು’ ಎಂದು ನಾಲ್ಕು ಮಾತಾಡಿದಿರಿ ಎನ್ನೋಣ. ‘ಹಾ’ ಆದ ಮೇಲೆ ನಾಲ್ಕಕ್ಕೆ ನಾಲ್ಕು ಸಲವೂ ‘ಲು’ ಬಂತು. ‘ಲು’ ಆದ ಮೇಲೆ ಮಾತ್ರ ಒಮ್ಮೆ ‘ಕು’, ಒಮ್ಮೆ ‘ಬೇ’, ಒಮ್ಮೆ ‘ಚೆ’, ಇನ್ನೊಮ್ಮೆ ಮಾತೇ ನಿಂತಿತು. ಅಂದರೆ ‘ಹಾ’ದಿಂದ ‘ಲು’ವಿಗೆ ಹೋಗುವ ದಾರಿ ಗಟ್ಟಿ, ‘ಲು’ವಿನಿಂದ ಮುಂದಿನ ದಾರಿ ಸಡಿಲ. ದಾರಿ ಸಡಿಲವಾದಲ್ಲೇ ಪದದ ಅಂಚು. ‘ಹಾವು’, ‘ಹಾಕು’ ಎಂಬ ಪದಗಳೂ ಮನೆಯಲ್ಲಿ ಓಡಾಡುವುದರಿಂದ ನಿಜ ಜೀವನದ ಲೆಕ್ಕ ಇಷ್ಟು ಚೊಕ್ಕವಾಗಿರುವುದಿಲ್ಲ. ಆದರೂ ಪದದೊಳಗಿನ ಅಕ್ಷರಗಳ ನಂಟು ಪದಗಳ ನಡುವಿನ ನಂಟಿಗಿಂತ ಒಟ್ಟಾರೆ ಬಲವಾಗಿಯೇ ಇರುತ್ತದೆ.

ಕೂಸುಗಳು ನಿಜಕ್ಕೂ ಹೀಗೆ ಎಣಿಸುತ್ತವೆ ಎಂದು ತೋರಿಸಿದ್ದು 1996ರಲ್ಲಿ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಜೆನ್ನಿ ಸಫ್ರಾನ್, ರಿಚರ್ಡ್ ಆಸ್ಲಿನ್, ಎಲಿಸಾ ನ್ಯೂಪೋರ್ಟ್ ಮೂರು ಮೂರು ಅಕ್ಷರದ ನಾಲ್ಕು ಸುಳ್ಳು ಪದಗಳನ್ನು ಕಟ್ಟಿದರು: ಬಿಡಾಕು, ಪಡೋಟಿ, ಗೊಲಾಬು, ಟುಪೀರೊ. ಯಂತ್ರದ ಧ್ವನಿಯಲ್ಲಿ ಇವನ್ನು ಹಿಂದೆ ಮುಂದೆ ಮಾಡಿ, ನಡುವೆ ಉಸಿರಿನಷ್ಟೂ ಬಿಡುವಿಲ್ಲದೆ, ಏರಿಳಿತವಿಲ್ಲದೆ, 8 ತಿಂಗಳ ಮಕ್ಕಳಿಗೆ ಬರೀ 2 ನಿಮಿಷ ಕೇಳಿಸಿದರು. ಪದದೊಳಗೆ ಮುಂದಿನ ಅಕ್ಷರ ನೂರಕ್ಕೆ ನೂರು ಖಚಿತ. ಪದ ಮುಗಿದ ಮೇಲೆ ಬರುವ ಅಕ್ಷರ ಮೂರರಲ್ಲಿ ಒಂದು. ಇದೊಂದು ವ್ಯತ್ಯಾಸ ಬಿಟ್ಟರೆ ಮಕ್ಕಳಿಗೆ ಬೇರೆ ಯಾವ ಸುಳಿವೂ ಇರಲಿಲ್ಲ. ಆಮೇಲೆ ಒಂದು ದೀಪ ಮಿನುಗಿಸಿ, ಮಗು ಅತ್ತ ನೋಡುತ್ತಿರುವಷ್ಟು ಹೊತ್ತು ಒಮ್ಮೆ ಆ ಪದಗಳನ್ನು, ಒಮ್ಮೆ ಒಂದು ಪದದ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿದ ತುಂಡುಗಳನ್ನು ಕೇಳಿಸಿದರು. ಮಕ್ಕಳು ಎರಡನೆಯದನ್ನೇ ಹೆಚ್ಚು ಹೊತ್ತು ಆಲಿಸಿದವು. ಪದಗಳು ಆಗಲೇ ಹಳತಾಗಿದ್ದವು, ಅಡ್ಡಾದಿಡ್ಡಿ ತುಂಡು ಹೊಸದೆನಿಸಿತು. 2 ನಿಮಿಷದಲ್ಲಿ, ಅರ್ಥ ಒಂದೂ ಇಲ್ಲದೆ, ಅಂಚುಗಳು ಸಿಕ್ಕಿದ್ದವು.

ಎಣಿಸುವುದು ಎಂದರೆ ಮಗು ಒಂದು, ಎರಡು ಎಂದು ಲೆಕ್ಕ ಇಡುತ್ತದೆ ಎಂದಲ್ಲ. ಮಿದುಳಿನ ನರಕೋಶಗಳ ಕೆಲಸದ ರೀತಿಯೇ ಹಾಗೆ. ಒಂದರ ಹಿಂದೆ ಒಂದು ಪದೇ ಪದೇ ಬಂದರೆ ಅವುಗಳ ನಡುವಿನ ಕೊಂಡಿ ಬಲಿಯುತ್ತದೆ, ಮೊದಲನೆಯದು ಕಂಡರೆ ಸಾಕು, ಎರಡನೆಯದಕ್ಕೆ ಮಿದುಳು ಆಗಲೇ ಅಣಿಯಾಗಿರುತ್ತದೆ. ಅಣಿಯಾದಂತೆಯೇ ಬಂದರೆ ಹೆಚ್ಚು ಸದ್ದು ಮಾಡುವುದಿಲ್ಲ. ತಪ್ಪಿದರೆ ಎಚ್ಚೆತ್ತುಕೊಳ್ಳುತ್ತದೆ. ಬೇಸಿಗೆಯ ರಾತ್ರಿ ಫ್ಯಾನು ಗರಗರ ತಿರುಗುತ್ತಿದ್ದರೆ ನಿಮಗೆ ಕೇಳಿಸುವುದೇ ಇಲ್ಲ, ಕರೆಂಟು ಹೋಗಿ ಅದು ನಿಂತರೆ ಸೆಕೆ ತಾಗುವ ಮೊದಲೇ ಎಚ್ಚರವಾಗುತ್ತದೆ. ಸದ್ದು ಮೌನವಾಯಿತು, ಮೌನ ಎಬ್ಬಿಸಿತು! ಫಿನ್ಲೆಂಡಿನ ರಿಸ್ಟೊ ನಾತಾನೆನ್ ಮತ್ತು ಸಂಗಡಿಗರು 1978ರಲ್ಲಿ ಇದನ್ನು ಮಿದುಳಿನ ವಿದ್ಯುತ್ ಅಲೆಗಳಲ್ಲಿ ತೋರಿಸಿದರು. ಒಂದೇ ಸ್ವರ ಸಾಲಾಗಿ ಬರುತ್ತಾ ನಡುವೆ ಬೇರೆ ಸ್ವರ ಬಂದರೆ, ಕೇಳುವವರು ಗಮನ ಕೊಡದಿದ್ದರೂ, ಸುಮಾರು ಕಾಲು ಸೆಕೆಂಡಿನೊಳಗೆ ಅಲೆ ಕದಲುತ್ತದೆ. ಈ ಕದಲಿಕೆ ನಿದ್ದೆಯಲ್ಲಿರುವ ನವಜಾತ ಶಿಶುವಿನಲ್ಲೂ ಸಿಗುತ್ತದೆ. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮಿದುಳು ದೊಡ್ಡವರಲ್ಲೇ ಶೇ 20ರಷ್ಟು ಶಕ್ತಿ ಉಣ್ಣುತ್ತದೆ. ಅಷ್ಟು ದುಬಾರಿಯಾದ ಅಂಗ ಗೊತ್ತಿದ್ದದ್ದಕ್ಕೇ ಮತ್ತೆ ಮತ್ತೆ ಖರ್ಚು ಮಾಡುವುದಿಲ್ಲ.

ಕಣ್ಣಿನಲ್ಲೂ ಇದೇ ಜಾಣತನ. ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಕೋಶಗಳು 12 ಕೋಟಿಗೂ ಹೆಚ್ಚು, ಅಲ್ಲಿಂದ ಮಿದುಳಿಗೆ ಹೋಗುವ ನರದ ಎಳೆಗಳು ಸುಮಾರು 10 ಲಕ್ಷ. ಎಲ್ಲವನ್ನೂ ಕಳಿಸಲು ಸಾಧ್ಯವೇ ಇಲ್ಲ. ಪಕ್ಕದ ಚುಕ್ಕಿ ಬೆಳ್ಳಗಿದ್ದರೆ ಇದೂ ಬೆಳ್ಳಗೇ ಇರುವ ಸಂಭವ ಹೆಚ್ಚು ಎಂಬ ಲೋಕದ ರೂಢಿಯನ್ನು ನಂಬಿ, ಕಣ್ಣು ಊಹೆಗೆ ತಪ್ಪಿದ ಭಾಗವನ್ನೇ, ಅಂದರೆ ಅಂಚನ್ನು, ಒತ್ತಿ ಕಳಿಸುತ್ತದೆ. 1982ರಲ್ಲಿ ಇದನ್ನು ಲೆಕ್ಕ ಸಮೇತ ಮಂಡಿಸಿದ ಮೂವರಲ್ಲಿ ಮೊದಲ ಹೆಸರು ಎಂ.ವಿ. ಶ್ರೀನಿವಾಸನ್ ಅವರದು. ಬೆಂಗಳೂರು ವಿಶ್ವವಿದ್ಯಾಲಯದಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಓದಿದವರು ಎಂದು ಹೇಳಿಕೊಳ್ಳಲು ನಮಗೆ ಹೆಮ್ಮೆ.

ಮಗಳ ವಿಷಯಕ್ಕೆ ಬರೋಣ. ಅವಳ ಕಿವಿ ಈಗ ಎರಡನೆಯ ಒಂದು ಲೆಕ್ಕವನ್ನೂ ಮುಗಿಸುವ ಹಂತದಲ್ಲಿದೆ. ‘ಕತ್ತು’, ‘ಕಟ್ಟು’ ಇವೆರಡರ ವ್ಯತ್ಯಾಸ ನಮಗೆ ನೀರು ಕುಡಿದಷ್ಟು ಸಲೀಸು. ಇಂಗ್ಲಿಷ್ ಮಾತ್ರ ಕೇಳಿ ಬೆಳೆದ ದೊಡ್ಡವರಿಗೆ ಈ ತ, ಟ ಎರಡೂ ಒಂದೇ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಹಿಂದಿಯ ತ, ಟ ಸದ್ದುಗಳನ್ನು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಿದರು. 6ರಿಂದ 8 ತಿಂಗಳ ಮಕ್ಕಳಲ್ಲಿ ಬಹುತೇಕ ಎಲ್ಲವೂ ಬೇರೆ ಬೇರೆ ಎಂದು ಗುರುತಿಸಿದವು. 10ರಿಂದ 12 ತಿಂಗಳ ಹೊತ್ತಿಗೆ ಆ ಶಕ್ತಿ ಮುಚ್ಚಿಹೋಗಿತ್ತು. ಹಿಂದಿ ಮನೆಯ ಮಕ್ಕಳಲ್ಲಿ ಉಳಿದಿತ್ತು. ಸುತ್ತಲಿನ ಮಾತಿನಲ್ಲಿ ಯಾವ ಸದ್ದುಗಳು ಎರಡು ಗುಂಪಾಗಿ ಬೀಳುತ್ತವೆ, ಯಾವುವು ಒಂದೇ ರಾಶಿಯಾಗಿ ಬೀಳುತ್ತವೆ ಎಂದು ನೋಡಿ ಮಿದುಳು ಬೇಲಿ ಹಾಕಿಕೊಳ್ಳುತ್ತದೆ. ನಿಮ್ಮ ಮಗಳ ಮಟ್ಟಿಗೆ ಇಲ್ಲೊಂದು ಅನುಕೂಲವಿದೆ. ತ–ಟ, ಲ–ಳ, ಹ್ರಸ್ವ ಎ–ದೀರ್ಘ ಏ, ಇವೆಲ್ಲ ಕನ್ನಡಕ್ಕೂ ತೆಲುಗಿಗೂ ಸಮಾನ. ಅತ್ತೆಯವರ ತೆಲುಗು ನಿಮ್ಮ ‘ಕಾಲು’, ‘ಕಾಳು’ಗಳನ್ನು ಬೇರ್ಪಡಿಸುವ ಕಿವಿಗೂ ನೀರೆರೆಯುತ್ತಿದೆ.

ಆದರೆ ಒಂದೇ ಥರದ ಎರಡು ಭಾಷೆಗಳ ಲೆಕ್ಕ ಕಲಸಿಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ನೆಂಟರ ಭಯದ ತಿರುಳು ಇದೇ, ಹಾಗಾಗಿ ಇದನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಇಂಗ್ಲಿಷ್ ಮತ್ತು ಜಪಾನೀಸ್‌ನಂತೆ ಲಯವೇ ಬೇರೆಯಾದ ಭಾಷೆಗಳನ್ನು ಹುಟ್ಟಿದ ಕೆಲವೇ ದಿನಗಳ ಶಿಶು ಬೇರ್ಪಡಿಸುತ್ತದೆ. ಲಯ ಹತ್ತಿರವಿದ್ದರೆ ಹೆಚ್ಚು ಸಮಯ ಬೇಕು. ಸ್ಪೇನಿನ ಬಾರ್ಸಿಲೋನಾದಲ್ಲಿ ನಮ್ಮ ಗಡಿನಾಡಿನಂಥದೇ ಪರಿಸ್ಥಿತಿ: ಸ್ಪ್ಯಾನಿಷ್, ಕ್ಯಾಟಲನ್ ಎಂಬ ಅಕ್ಕತಂಗಿ ಭಾಷೆಗಳು ಒಂದೇ ಮನೆಯಲ್ಲಿ. ಅಲ್ಲಿಯ ಮಕ್ಕಳು 4 ತಿಂಗಳಿಗೇ ಇವೆರಡನ್ನೂ ಬೇರೆ ಎಂದು ಗುರುತಿಸುವುದನ್ನು ಅಳೆದು ತೋರಿಸಿದ್ದಾರೆ. ಕನ್ನಡ–ತೆಲುಗಿನಲ್ಲಿ ಸುಳಿವುಗಳಿಗೆ ಬರವಿಲ್ಲ. ಮಾತಿನ ಬಾಲ ಕೇಳಿ: ನಿಮ್ಮದು ‘ಮನೇಲಿ’, ‘ಬರುತ್ತೆ’, ಅತ್ತೆಯವರದು ‘ಇಂಟ್ಲೋ’, ‘ವಸ್ತುಂದಿ’. ಇನ್ನು ಪದದ ತಲೆ: ಹಾಲು–ಪಾಲು, ಹುಲಿ–ಪುಲಿ, ಹಂದಿ–ಪಂದಿ, ಹಾವು–ಪಾಮು. ಹಳಗನ್ನಡದಲ್ಲೂ ಇವು ಪಕಾರದಲ್ಲೇ ಇದ್ದವು, ಕನ್ನಡ ಹಕಾರಕ್ಕೆ ಹೊರಳಿತು, ತೆಲುಗು ಹೊರಳಲಿಲ್ಲ. ಭಾಷಾಶಾಸ್ತ್ರಜ್ಞರು ಗ್ರಂಥ ಓದಿ ಹಿಡಿದ ಈ ಕ್ರಮದ ಕಚ್ಚಾ ಸರಕು ನಿಮ್ಮ ಮಗಳಿಗೆ ದಿನವೂ ಅಡುಗೆಮನೆಯಲ್ಲೇ ಸಿಗುತ್ತಿದೆ. ಜೊತೆಗೆ ಆಡುವವರ ಮುಖ, ದನಿ ಬೇರೆ. ಮಿದುಳು ಎರಡು ಖಾತೆ ತೆರೆಯಲು ಇಷ್ಟು ಧಾರಾಳ.

ಹಾಗೆಂದು ‘ಒಬ್ಬರು ಒಂದೇ ಭಾಷೆ’ ಎಂಬ ಕಟ್ಟುಪಾಡು ಮಾಡಿಕೊಳ್ಳಬೇಡಿ. ಅತ್ತೆಯವರು ನಡುವೆ ಕನ್ನಡ ಬೆರೆಸಿದರೂ ಅನಾಹುತವಿಲ್ಲ. ಅನಾಹುತ ಆಗುವುದು ಅವರಿಗೆ ತೆಲುಗು ಆಡಬೇಡಿ ಎಂದಾಗ. ಸಲೀಸಾಗಿ ಬರದ ಭಾಷೆಯಲ್ಲಿ ಯಾರೂ ಕೂಸಿನೊಡನೆ ಹರಟುವುದಿಲ್ಲ. ‘ಬಾ’, ‘ಕೂತ್ಕೋ’, ‘ಬೇಡ’ ಎಂದು ಮೂರು ಪದಕ್ಕೆ ಮುಗಿಸುತ್ತಾರೆ. ಮಗುವಿಗೆ ಸಿಗುವ ಮಾತಿನ ರಾಶಿಯೇ ಅರ್ಧವಾಗುತ್ತದೆ, ಅಜ್ಜಿಯ ಪ್ರೀತಿಯ ದನಿಯೂ ಬತ್ತುತ್ತದೆ.

ಎಣಿಕೆಯೊಂದೇ ಎಲ್ಲವನ್ನೂ ಮಾಡುತ್ತದೆ ಎಂದು ಹೇಳಿದರೆ ಅದು ಉತ್ಪ್ರೇಕ್ಷೆಯಾಗುತ್ತದೆ. ಸುಳ್ಳು ಪದಗಳನ್ನು ಎಲ್ಲವೂ ಮೂರಕ್ಷರ ಎನ್ನುವ ಬದಲು ಎರಡಕ್ಷರ, ಮೂರಕ್ಷರ ಬೆರೆಸಿ ಮಾಡಿದಾಗ ಅದೇ ವಯಸ್ಸಿನ ಮಕ್ಕಳು ಸೋತದ್ದೂ ಉಂಟು. ನಿಜವಾದ ಮಾತಿನಲ್ಲಿ ಪದಗಳ ಉದ್ದ ಬೆರೆತೇ ಇರುತ್ತದೆ. ಅದಕ್ಕೆ ಮಗು ಬೇರೆ ಊರುಗೋಲುಗಳನ್ನೂ ಹಿಡಿಯುತ್ತದೆ: ಮಾತಿನ ಏರಿಳಿತ, ವಾಕ್ಯದ ಕೊನೆಯ ನಿಲುಗಡೆ, ಮತ್ತು ಮೊದಲೇ ಗೊತ್ತಿರುವ ಒಂದೆರಡು ಪದ. ಮನೆಯವರು ಕೈಹಾಕಬಹುದಾದ ಜಾಗ ಇದೇ.

ಮಕ್ಕಳು ಸುಮಾರು ನಾಲ್ಕೂವರೆ ತಿಂಗಳಿಗೆ ತಮ್ಮ ಹೆಸರಿನ ಸದ್ದನ್ನು ಗುರುತಿಸುತ್ತವೆ. 6 ತಿಂಗಳಿಗೆ ಆ ಹೆಸರನ್ನು, ಇಲ್ಲವೇ ‘ಅಮ್ಮ’ ಎಂಬ ಪದವನ್ನು, ಗೂಟದ ಹಾಗೆ ಬಳಸುತ್ತವೆ. ಗೂಟದ ಪಕ್ಕದಲ್ಲಿ ಬಂದ ಹೊಸ ಪದವನ್ನು ಹರಿಯುವ ಮಾತಿನಿಂದ ಬಿಡಿಸಿಕೊಳ್ಳುತ್ತವೆ. ಅಪರಿಚಿತ ಹೆಸರಿನ ಪಕ್ಕದಲ್ಲಿ ಬಂದದ್ದನ್ನು ಬಿಡಿಸಿಕೊಳ್ಳಲಾರವು. 2005ರಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಹಾಗಾಗಿ ಮಗಳನ್ನು ಮನೆಮಂದಿಯೆಲ್ಲ ಹತ್ತು ಮುದ್ದು ಹೆಸರಿನಿಂದ ಕರೆಯುವ ಬದಲು ಒಂದೇ ಹೆಸರನ್ನು ಹೆಚ್ಚು ಬಳಸಿ. ಪುಟ್ಟಿ ಎನ್ನುತ್ತಿದ್ದರೆ ಪುಟ್ಟಿ. ಹೊಸ ಪದವನ್ನು ಅದರ ಮಗ್ಗುಲಲ್ಲೇ ಇಡಿ: ‘ಪುಟ್ಟಿ ಬಳೆ’, ‘ಪುಟ್ಟಿ ಬಟ್ಲು’, ‘ಅಮ್ಮನ ಸೀರೆ’. ವಾಕ್ಯದ ನಡುವೆ ಹೂತ ಪದಕ್ಕಿಂತ ಅಂಚಿನಲ್ಲಿ ನಿಂತದ್ದು ಬೇಗ ಸಿಗುತ್ತದೆ. ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ವಸ್ತುವಿನ ಹೆಸರು ನಡುವೆ ಸಿಕ್ಕಿಕೊಳ್ಳುತ್ತದೆ. ಆಗಾಗ ಮಾತನ್ನು ತಿರುಗಿಸಿ: ‘ಎಲ್ಲಿ ಬಳೆ?’, ‘ತಗೋ, ಬಟ್ಲು’.

ಒಂದು ದೃಶ್ಯ ಹೇಳುತ್ತೇನೆ. ಅವರೆಕಾಯಿ ಕಾಲ. ಅಜ್ಜಿ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದಾರೆ, ಮಗು ಎದುರಿಗೆ ಕೂತಿದೆ. ಅಜ್ಜಿ ಒಂದು ಕಾಯಿ ಎತ್ತುತ್ತಾರೆ, ಮಗುವಿನ ಕಣ್ಣು ಕೈಯ ಹಿಂದೆ ಹೋಗುತ್ತದೆ. ‘ಕಾಯಿ’ ಎನ್ನುತ್ತಾರೆ. ಉಗುರಿನಿಂದ ಬೆನ್ನು ಸೀಳುವಾಗ ಚಟ್ ಎಂಬ ಸದ್ದು. ಹಸಿರು ಕಾಳು ಮೊರದಲ್ಲಿ ಉರುಳುತ್ತದೆ. ‘ಕಾಳು ಬಂತು. ನೋಡು, ಕಾಳು’. ಮತ್ತೆ ಕಾಯಿ, ಮತ್ತೆ ಚಟ್, ಮತ್ತೆ ಕಾಳು. ಹತ್ತನೆಯ ಕಾಯಿಯ ಹೊತ್ತಿಗೆ ಚಟ್ ಎನ್ನುವ ಮೊದಲೇ ಮಗುವಿನ ನೋಟ ಮೊರಕ್ಕೆ ಇಳಿದಿರುತ್ತದೆ. ಸದ್ದು, ವಸ್ತು, ಕೈ, ಪದ ನಾಲ್ಕೂ ಒಂದೇ ಕ್ರಮದಲ್ಲಿ ಬರುತ್ತಿರುವುದರಿಂದ ‘ಕಾಯಿ’ಗೂ ‘ಕಾಳು’ವಿಗೂ ಬೇರೆ ಬೇರೆ ಮನೆ ಸಿಗುತ್ತದೆ. ಇದನ್ನು ಅಜ್ಜಿ ತೆಲುಗಿನಲ್ಲೇ ಹೇಳಲಿ, ಲೆಕ್ಕ ಅದೇ. (ಕಾಳು ಮಗುವಿನ ಕೈಗೆ ಎಟುಕದಂತೆ ಮೊರ ಇಡಿ. ಈ ವಯಸ್ಸಿನಲ್ಲಿ ಎಲ್ಲವೂ ಬಾಯಿಗೆ ಹೋಗುತ್ತದೆ, ಅವರೆಕಾಳು ಶ್ವಾಸನಾಳಕ್ಕೆ ಸಿಕ್ಕುವ ಗಾತ್ರದ್ದೇ.)

ಹೀಗೆ ದಿನದಲ್ಲಿ ಮೂರೋ ನಾಲ್ಕೋ ಕೆಲಸಗಳಿಗೆ ಮಾತು ಕಟ್ಟಿಕೊಂಡರೆ ಸಾಕು. ಸ್ನಾನ, ಊಟ, ಬಟ್ಟೆ ಹಾಕುವುದು, ತಾಚಿಗೆ ಹೋಗುವುದು. ಪ್ರತಿ ಕೆಲಸಕ್ಕೂ ನಾಲ್ಕೈದು ಮಾತು, ದಿನವೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ, ಕೈ ಮಾಡುತ್ತಿರುವಾಗಲೇ. ‘ನೀರು ಹಾಕೋಣ. ಕೈ ಎಲ್ಲಿ? ಕೈಗೆ ನೀರು. ಕಾಲೆಲ್ಲಿ? ಕಾಲಿಗೆ ನೀರು.’ ಪದ ಅದೇ, ಬಾಲ ಬದಲಾಗುತ್ತಿದೆ ನೋಡಿ: ಕೈ, ಕೈಗೆ, ಕಾಲು, ಕಾಲಿಗೆ. ‘ಗೆ’ ಎಂಬುದು ಬಿಡಿ ತುಂಡು ಎಂದು ಮಗುವಿಗೆ ತಿಳಿಯುವುದು ಹೀಗೆ. ಮುಂದೆ ಅವಳು ‘ತಿಂದೆ’ ಎನ್ನುವ ಬದಲು ‘ತಿನ್ನಿದೆ’ ಎಂದರೆ ತಪ್ಪೆಂದು ಗದರಬೇಡಿ. ಮಾಡಿದೆ, ಹಾಡಿದೆ, ಓಡಿದೆ ಕೇಳಿ ಕೇಳಿ ಕ್ರಮ ಹಿಡಿದ ಮಿದುಳು ಆಡುವ ಮಾತು ಅದು. ‘ಹೌದಾ, ತಿಂದ್ಯಾ?’ ಎಂದು ಸರಿಯಾದ ರೂಪವನ್ನು ನಿಮ್ಮ ಉತ್ತರದಲ್ಲಿ ಕೊಟ್ಟರೆ ಸಾಕು. ‘ಹೇಳು, ಅಮ್ಮ ಅನ್ನು, ಹೇಳು’ ಎಂದು ಕೂರಿಸಿ ಕೇಳುವುದರಿಂದ ಏನೂ ಸಿಗುವುದಿಲ್ಲ.

ಮಾತಾಡಿ 5 ಸೆಕೆಂಡು ಕಾಯಿರಿ. ಇದು ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ಮಗುವಿನ ಉತ್ತರ ಸದ್ದಾಗಿರಬೇಕಿಲ್ಲ, ಕಣ್ಣು, ಕೈ, ಕಾಲೊದೆತ ಯಾವುದೂ ಆಗಬಹುದು. ಅವಳು ಮುಂದಿನದನ್ನು ಊಹಿಸುತ್ತಿದ್ದಾಳೋ ಇಲ್ಲವೋ ನೀವೇ ನೋಡಬೇಕೆಂದರೆ ಸೆರಗಿನಾಟ ಆಡಿ. ಸೆರಗಿನಿಂದ ಮುಖ ಮುಚ್ಚಿ ‘ಎಲ್ಲಿ ಅಮ್ಮ?’ ಎಂದು, ಎರಡು ಎಣಿಸುವಷ್ಟು ತಡೆದು, ಬಲಗಡೆಯಿಂದ ‘ಇಲ್ಲಿ!’ ಎಂದು ಮುಖ ತೋರಿಸಿ. ಆರು ಸಲ ಹಾಗೇ ಮಾಡಿ. ಏಳನೆಯ ಸಲ ಇನ್ನೂ ನಾಲ್ಕು ಎಣಿಸುವಷ್ಟು ತಡ ಮಾಡಿ. ಹೆಚ್ಚಿನ ಮಕ್ಕಳು ಆಟ ನಿಲ್ಲಿಸಿ, ಉಸಿರು ಬಿಗಿಹಿಡಿದಂತೆ, ಬಲಗಡೆಯ ಅಂಚನ್ನೇ ನೋಡುತ್ತವೆ. ಎಂಟನೆಯ ಸಲ ಎಡದಿಂದ ಬನ್ನಿ, ಅಚ್ಚರಿ ಮುಖದಲ್ಲೇ ಕಾಣುತ್ತದೆ. ಹಾಗೆಂದು ಪ್ರತಿ ಸಲವೂ ಬದಲಿಸುತ್ತಾ ಹೋದರೆ ಆಟ ಕೆಡುತ್ತದೆ. 7–8 ತಿಂಗಳ ಮಕ್ಕಳ ಮೇಲೆ 2012ರಲ್ಲಿ ನಡೆದ ಅಧ್ಯಯನದಲ್ಲಿ ಅವು ಮುಖ ತಿರುಗಿಸಿದ್ದು ಎರಡು ಸಂದರ್ಭದಲ್ಲಿ: ಮುಂದಿನದು ಪೂರಾ ಗೊತ್ತಿದ್ದಾಗ, ಮತ್ತು ಏನೇನೂ ಊಹಿಸಲಾಗದಿದ್ದಾಗ. ರೂಢಿ ಹಿಡಿಯಲಿ, ಆಮೇಲೆ ಒಂದು ಸಣ್ಣ ಬದಲಾವಣೆ, ಮತ್ತೆ ರೂಢಿ. ನಮ್ಮ ಅಜ್ಜಿಯರು ಆಡಿಸುವ ಕೈಬೆರಳ ಆಟಗಳೆಲ್ಲ ಈ ಅಳತೆಯಲ್ಲೇ ಇವೆ. ಬೆರಳುಗಳನ್ನು ಒಂದೊಂದಾಗಿ ಮಡಚುವುದು ಒಂದೇ ಸಮ, ಕೊನೆಯ ಕಚಗುಳಿ ಯಾವಾಗ ಎಂಬುದಷ್ಟೇ ಗುಟ್ಟು.

ನಿದ್ದೆಯನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಿ. 15 ತಿಂಗಳ ಮಕ್ಕಳಿಗೆ ಕೃತಕ ಭಾಷೆ ಕೇಳಿಸಿ ನೋಡಿದಾಗ, ಕೇಳಿದ 4 ಗಂಟೆಯೊಳಗೆ ಒಂದು ನಿದ್ದೆ ಮಾಡಿದವು ಮರುದಿನವೂ ಅದರ ಕ್ರಮವನ್ನು ನೆನಪಿಟ್ಟಿದ್ದವು, ನಿದ್ದೆ ಮಾಡದವು ಇಟ್ಟಿರಲಿಲ್ಲ. ನೆಂಟರು ಬಂದರೆಂದು, ಜಾತ್ರೆಯೆಂದು ಹಗಲು ನಿದ್ದೆ ತಪ್ಪಿಸುವುದು ಒಂದೆರಡು ದಿನಕ್ಕೆ ಸರಿ, ಅದೇ ಅಭ್ಯಾಸವಾಗಬಾರದು.

ಇನ್ನು ಮೊಬೈಲು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ನಿಮ್ಮ ಪ್ರಶ್ನೆಗೇ ಮಾಡಿದಂತಿದೆ. ಇಂಗ್ಲಿಷ್ ಮನೆಗಳ 9 ತಿಂಗಳ ಮಕ್ಕಳು. ಒಂದು ಗುಂಪಿನ ಎದುರು ಚೀನೀ ಮಾತಾಡುವವರು ನೆಲದ ಮೇಲೆ ಕೂತು ಪುಸ್ತಕ, ಆಟಿಕೆ ಹಿಡಿದು ಹರಟಿದರು: 25 ನಿಮಿಷದಂತೆ 12 ಸಲ, ಸುಮಾರು 4 ವಾರ. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಮಾತು, ಟಿವಿಯಲ್ಲಿ. ಮೊದಲ ಗುಂಪು ಚೀನೀ ಭಾಷೆಯ ಸೂಕ್ಷ್ಮ ಸದ್ದುಗಳನ್ನು ತೈವಾನಿನ ಮಕ್ಕಳಷ್ಟೇ ಚೆನ್ನಾಗಿ ಗುರುತಿಸಿತು. ಟಿವಿ ನೋಡಿದ ಗುಂಪು ಏನೂ ಕಲಿಯಲಿಲ್ಲ. ಪರದೆಯಲ್ಲಿ ಸದ್ದಿನ ಕ್ರಮ ಇರುತ್ತದೆ ನಿಜ, ಆದರೆ ಮಗು ನೋಡಿದ ಕಡೆ ನೋಡುವ, ಮಗು ನಕ್ಕಾಗ ನಗುವ, ಕಾಯುವ ಮನುಷ್ಯ ಇರುವುದಿಲ್ಲ. ಇಷ್ಟು ಎಳೆಯ ಮಿದುಳು ಯಾವುದನ್ನು ಎಣಿಸಬೇಕು ಎಂದು ಆರಿಸಿಕೊಳ್ಳುವುದು ಆ ಮನುಷ್ಯನ ಕಣ್ಣು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ ಎಂದಿದೆ. ಊರಲ್ಲಿಲ್ಲದ ಅಪ್ಪನೊಡನೆ ವೀಡಿಯೊ ಕಾಲ್ ಮಾಡುವುದು ಬೇರೆ ಮಾತು, ಅಲ್ಲಿ ಎದುರಿನವರು ಮಗುವಿಗೆ ಸ್ಪಂದಿಸುತ್ತಾರೆ.

ಹುಳುಮನೆ ಹೊತ್ತಿಗೆ ಶಿಶುಗೀತೆಯ ಬದಲು ಮಗುವನ್ನು ಅಜ್ಜಿಯ ಪಕ್ಕ ಬಿಡಿ, ಅವರು ತಮ್ಮ ಕೆಲಸ ಮಾಡುತ್ತಾ ತೆಲುಗಿನಲ್ಲಿ ಮಾತಾಡಲಿ. ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಮೇಲೆ ಸೊಪ್ಪು ಹಾಕುವುದರಲ್ಲೇ ದಿನ ಮುಗಿಯುತ್ತದೆ, ಆ ವಾರ ನಿಮ್ಮ ಕನ್ನಡ ಕಡಿಮೆಯಾದರೆ ಚಿಂತೆ ಬೇಡ, ಸ್ನಾನ ಮತ್ತು ಮಲಗುವ ಹೊತ್ತು ನಿಮ್ಮದಾಗಿರಲಿ. ಮಗುವನ್ನು ಎತ್ತಿಕೊಂಡು ಹುಳುಮನೆಯೊಳಗೆ ಹೋಗುವುದು ಬೇಡ, ಅಲ್ಲಿ ಬ್ಲೀಚಿಂಗ್ ಪೌಡರು, ಸುಣ್ಣದ ಧೂಳು ಇರುತ್ತದೆ.

ಟಿವಿ ಯಾರೂ ನೋಡದಿದ್ದರೂ ಓಡುತ್ತಿರುತ್ತದೆಯೇ? ಆರಿಸಿ. ಹಿಂದಿನ ಗದ್ದಲದಿಂದ ಒಂದು ದನಿಯನ್ನು ಹೆಕ್ಕುವುದು ನಮಗೆ ಸುಲಭ, ಕೂಸಿಗೆ ಕಷ್ಟ. 5 ಮತ್ತು 9 ತಿಂಗಳ ಮಕ್ಕಳು ಹಿನ್ನೆಲೆಯ ಮಾತಿಗಿಂತ 10 ಡೆಸಿಬೆಲ್ ಜೋರಾಗಿ ಕರೆದರೆ ಮಾತ್ರ ತಮ್ಮ ಹೆಸರನ್ನು ಗುರುತಿಸಿದವು, 5 ಡೆಸಿಬೆಲ್ ಸಾಲಲಿಲ್ಲ. ಧಾರಾವಾಹಿಯ ಸದ್ದಿನಲ್ಲಿ ನೀವು ಆಡಿದ ಮಾತು ಅವಳ ಲೆಕ್ಕಕ್ಕೆ ಸೇರಿರುವುದೇ ಇಲ್ಲ.

ಕೊನೆಯದಾಗಿ, ಎಣಿಸಬೇಕಾದರೆ ಮೊದಲು ಕೇಳಿಸಬೇಕು. ಎರಡು ಭಾಷೆಯ ಮೇಲೆ ತಪ್ಪು ಹೊರಿಸಿ ಕಿವಿಯ ತೊಂದರೆಯನ್ನು ವರ್ಷಗಟ್ಟಲೆ ಕಾಣದೆ ಬಿಡುವುದೇ ನಿಜವಾದ ಅಪಾಯ. 9 ತಿಂಗಳು ತುಂಬಿದ ಮೇಲೆ ದಡಾರ–ರುಬೆಲ್ಲಾ ಲಸಿಕೆಗೆ ಹೇಗೂ ಹೋಗುತ್ತೀರಿ. ಅದಕ್ಕೂ ಮೊದಲು ಮನೆಯಲ್ಲಿ ಒಮ್ಮೆ ನೋಡಿ. ಮಗು ನಿಮ್ಮ ಅತ್ತೆಯವರ ಮಡಿಲಲ್ಲಿ ಕೂತು ಎದುರಿನ ಆಟಿಕೆ ನೋಡುತ್ತಿರಲಿ. ನೀವು ಹಿಂದಿನಿಂದ, ಮಗುವಿಗೆ ಕಾಣದಂತೆ, ಮೂರಡಿ ದೂರದಲ್ಲಿ ನಿಂತು ಮೆಲುದನಿಯಲ್ಲಿ ಹೆಸರು ಕರೆಯಿರಿ. ಬಲಗಡೆಯಿಂದ ಎರಡು ಸಲ, ಎಡಗಡೆಯಿಂದ ಎರಡು ಸಲ, ನಡುವೆ ಅರ್ಧ ನಿಮಿಷ ಬಿಡುವು. ತಟ್ಟೆ ಬಡಿಯಬೇಡಿ, ಬಾಗಿಲು ದಬ್ಬಬೇಡಿ. ಆ ಅದುರಿಗೆ, ಗಾಳಿಗೆ, ನೆರಳಿಗೆ ಕಿವಿ ಕೇಳದ ಮಗುವೂ ತಿರುಗುತ್ತದೆ, ‘ಕೇಳಿಸುತ್ತೆ ಬಿಡಿ’ ಎಂದು ಎಲ್ಲರೂ ಮೋಸ ಹೋಗುವುದು ಹೀಗೇ. ಎರಡು ಬೇರೆ ದಿನ ನೋಡಿದರೂ ತಿರುಗದಿದ್ದರೆ, ಅಥವಾ 10 ತಿಂಗಳಾದರೂ ‘ಬಾಬಾಬಾ’, ‘ದಾದಾದಾ’ ಎಂಬ ಸರಣಿ ಬರದಿದ್ದರೆ, ಕಾಯದೆ ಪರೀಕ್ಷೆ ಮಾಡಿಸಿ. ಒಎಇ ಎಂಬ ಚಿಕ್ಕ ಪರೀಕ್ಷೆ ಕೆಲವೇ ನಿಮಿಷದ್ದು, ಅದರಲ್ಲಿ ಅನುಮಾನ ಬಂದರೆ ಮಗು ಮಲಗಿರುವಾಗ ಬೆರಾ ಪರೀಕ್ಷೆ ಮಾಡುತ್ತಾರೆ, ನೋವಿಲ್ಲ. ಆಶಾ ಕಾರ್ಯಕರ್ತೆಗೆ ಹೇಳಿದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂಲಕ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸಿಕೊಡುತ್ತಾರೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ನೇರವಾಗಿಯೂ ಹೋಗಬಹುದು. ಸ್ನಾನ ಮಾಡಿಸುವಾಗ ಕಿವಿಗೆ ಎಣ್ಣೆ ಬಿಡುವ ಪದ್ಧತಿ ನಿಮ್ಮಲ್ಲಿದ್ದರೆ ನಿಲ್ಲಿಸಿ. ನೆಗಡಿಯ ನಂತರ ಕಿವಿ ಸೋರಿದರೆ, ಮಗು ಕಿವಿ ಎಳೆದುಕೊಂಡು ಅತ್ತರೆ ವೈದ್ಯರಿಗೆ ತೋರಿಸಿ. ಕಿವಿಯ ಪರದೆಯ ಹಿಂದೆ ದ್ರವ ನಿಂತರೆ ಮಾತು ನೀರಿನೊಳಗಿನಿಂದ ಕೇಳಿದಂತೆ ಮಸುಕಾಗಿ ಕೇಳುತ್ತದೆ, ‘ಕಾಲು’, ‘ಕಾಳು’ ಆಗ ಒಂದೇ.

ಮುಂದಿನ ದಿನಗಳಿಗೆ ಗಡುವುಗಳು ಇವು. 12 ತಿಂಗಳಿಗೆ ಕೈಬೀಸುವುದು, ಬೆರಳು ತೋರಿಸುವುದು ಬರಬೇಕು. 16 ತಿಂಗಳಿಗೆ ಒಂದಾದರೂ ಅರ್ಥವುಳ್ಳ ಪದ. 24 ತಿಂಗಳಿಗೆ ಬಾಯಿಪಾಠವಲ್ಲದೆ ತಾನೇ ಜೋಡಿಸಿದ ಎರಡು ಪದದ ಮಾತು. ಬಂದಿದ್ದ ಮಾತು ಯಾವ ವಯಸ್ಸಿನಲ್ಲಿ ನಿಂತುಹೋದರೂ ಆ ವಾರವೇ ತೋರಿಸಬೇಕು. ಈ ಗಡುವು ಎರಡು ಭಾಷೆಯ ಮಗುವಿಗೂ ಅದೇ, ರಿಯಾಯಿತಿ ಕೊಡಬೇಡಿ. ಆದರೆ ಪದ ಎಣಿಸುವಾಗ ಎರಡೂ ಭಾಷೆಯದನ್ನು ಕೂಡಿಸಿ ಎಣಿಸಬೇಕು. ವೈದ್ಯರ ಬಳಿ ಹೋಗುವ ಹಿಂದಿನ ವಾರ ಒಂದು ಹಾಳೆಯಲ್ಲಿ ಗೆರೆ ಎಳೆದು, ಒಂದು ಕಡೆ ಅವಳು ನಿಮ್ಮೊಡನೆ ಆಡಿದ ಕನ್ನಡ ಪದ, ಇನ್ನೊಂದು ಕಡೆ ಅಜ್ಜಿಯೊಡನೆ ಆಡಿದ ತೆಲುಗು ಪದ ಬರೆದುಕೊಂಡು ಹೋಗಿ. ‘ಹಾಲು’ ಒಂದು, ‘ಪಾಲು’ ಇನ್ನೊಂದು.